ಖಜಾನೆ ಬರಿದಾದಾಗ ದೇಶದ ದಾರಿ ತಿರುಗುವುದು ಯಾರಿಂದ? 1991ರಿಂದ ಶುರು ಮಾಡೋಣ

ತುಂಗಾತೀರ

1991ರ ಜುಲೈ. ನಾನಾಗ ಏಳನೇ ಕ್ಲಾಸು. ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಪೇಪರ್ ಬರುವಾಗ ಬೆಳಗ್ಗೆ ಹತ್ತು ದಾಟುತ್ತಿತ್ತು. ಅಜ್ಜನಿಗೆ ಕಣ್ಣು ಮಂಜಾಗಿತ್ತು. ರಜಾದಿನ ಜಗಲಿಯಲ್ಲಿ ಕೂತು ಪೇಪರ್ ಓದಿ ಹೇಳುವ ಕೆಲಸ ನನ್ನದು. ಹೊರಗೆ ಜಡಿಮಳೆ. ರಿಸರ್ವ್ ಬ್ಯಾಂಕ್ ದೇಶದ ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಕಳಿಸಿ ಅಡ ಇಟ್ಟಿದೆ ಅಂತ ಓದಿದೆ. ಅಜ್ಜ ಅಡಕತ್ತರಿ ಕೆಳಗಿಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದರು. "ಬಿಡಿಸಿಕೊಳ್ತಾರಂತಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆ ಮಾತ್ರ ಇವತ್ತಿಗೂ ತಲೆಯಲ್ಲಿದೆ.

ಆಮೇಲೆ ಓದಿ ತಿಳಿದದ್ದು ಇಷ್ಟು. ಆ ವರ್ಷದ ಮೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕ್ ಮೂಲಕ 20 ಟನ್ ಚಿನ್ನ ಸ್ವಿಟ್ಜರ್‌ಲೆಂಡಿನ ಬ್ಯಾಂಕಿಗೆ ಹೋಯಿತು. ಅದು ಕಳ್ಳಸಾಗಣೆದಾರರಿಂದ ಹಿಡಿದ ಚಿನ್ನ. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸ್ವಂತ ದಾಸ್ತಾನಿನಿಂದ ಸುಮಾರು 47 ಟನ್ ಹೋಯಿತು. ಆಗ ನಮ್ಮ ಕೈಯಲ್ಲಿದ್ದ ವಿದೇಶಿ ಹಣ ಎರಡು ವಾರದ ಆಮದಿಗೆ ಸಾಲುವಷ್ಟು ಮಾತ್ರ. ಅದು ಮುಗಿದರೆ ಕಚ್ಚಾ ತೈಲ ತರಿಸಲು ಕಾಸಿಲ್ಲ.

ಇದೆಲ್ಲ ಆಗುವಾಗ ದೆಹಲಿಯಲ್ಲಿ ಗಟ್ಟಿ ಸರ್ಕಾರವೇ ಇರಲಿಲ್ಲ. 1990ರ ನವೆಂಬರಿನಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಿತ್ತು. ಚಂದ್ರಶೇಖರ್ ಬಂದರು, ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. ಪೂರ್ತಿ ಬಜೆಟ್ ಮಂಡಿಸಲೂ ಆಗಲಿಲ್ಲ. ಮೇ 21ರಂದು ರಾಜೀವ್ ಗಾಂಧಿ ಹತ್ಯೆ. ಆಮೇಲೆ ಬಂದದ್ದು ಬಹುಮತವೇ ಇಲ್ಲದ ನರಸಿಂಹರಾವ್ ಸರ್ಕಾರ. ದೇಶ ತನ್ನ ದಾರಿ ಬದಲಿಸಿದ್ದು ಅಂಥ ಸರ್ಕಾರದ ಕೈಯಲ್ಲಿ. ಅದೇ ನನಗೆ ಆಶ್ಚರ್ಯ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಿಕ್ಕಟ್ಟು ಬರದೇ ಹೋಗಿದ್ದರೆ ನಾವು ಎದ್ದೇಳುತ್ತಲೇ ಇರಲಿಲ್ಲ. ಸರಿಯಾದ ಹೊತ್ತಿಗೆ ಸರಿಯಾದ ಜನ ಕುರ್ಚಿಯಲ್ಲಿದ್ದರು. ನೀವೆಲ್ಲ ಏನಂತೀರಿ?

ಹಳೇ ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದ್ದೀರಿ. ಮೂವತ್ತು ವರ್ಷ ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಟ್ಟವನು ನಾನು. ಒಂದೆರಡು ಮಾತು ಸೇರಿಸುತ್ತೇನೆ.

ರೋಗ 1991ರಲ್ಲಿ ಬಂದದ್ದಲ್ಲ. ಎಂಬತ್ತರ ದಶಕದುದ್ದಕ್ಕೂ ಸರ್ಕಾರ ಆದಾಯಕ್ಕಿಂತ ಜಾಸ್ತಿ ಖರ್ಚು ಮಾಡುತ್ತಿತ್ತು. ಹೊರಗಿನಿಂದ ಕಡಿಮೆ ಅವಧಿಯ ಸಾಲ ತರುತ್ತಿತ್ತು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿನ ಮೇಲೆ ನುಗ್ಗಿತು. ತೈಲದ ಬೆಲೆ ಏರಿತು. ಕೊಲ್ಲಿಯಿಂದ ಬರುತ್ತಿದ್ದ ಹಣ ನಿಂತಿತು. ಅಲ್ಲಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಕರೆತರಬೇಕಾಯಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಉಟ್ಟ ಬಟ್ಟೆಯಲ್ಲಿ ವಾಪಸ್ ಬಂದರು. ಹೊರದೇಶದ ಭಾರತೀಯರು ಇಲ್ಲಿಟ್ಟಿದ್ದ ಠೇವಣಿಯನ್ನೂ ತೆಗೆಯತೊಡಗಿದರು. ಬಿರುಕು ಬಿಟ್ಟ ಗೋಡೆ, ಅದರ ಮೇಲೆ ಮಳೆ.

ಇನ್ನೊಂದು ಮಾತು. ಬಿಕ್ಕಟ್ಟು ಬಂದ ದಿನ ಯಾರೂ ಹೊಸದಾಗಿ ಯೋಚನೆ ಮಾಡುವುದಿಲ್ಲ. ಬೀರುವಿನಲ್ಲಿ ಮೊದಲೇ ಏನಿದೆಯೋ ಅದನ್ನು ಹೊರಗೆ ತೆಗೆಯುತ್ತಾರೆ. ಪರವಾನಗಿ ವ್ಯವಸ್ಥೆ ಸಡಿಲಿಸಬೇಕು ಅನ್ನುವ ಟಿಪ್ಪಣಿ 1990ರಲ್ಲೇ ಪ್ರಧಾನಿ ಕಚೇರಿಯಲ್ಲಿ ತಯಾರಾಗಿತ್ತು. ಹಾಗಾಗಿಯೇ ಅಷ್ಟು ಬೇಗ ಕೆಲಸ ಆಯಿತು. ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿ ಇಳಿಸಿದರು. ಡಾಲರಿಗೆ 21 ರೂಪಾಯಿ ಇದ್ದದ್ದು 26ರ ಹತ್ತಿರ ಹೋಯಿತು. ಜುಲೈ 24ರಂದು ಒಂದೇ ದಿನ ಹೊಸ ಕೈಗಾರಿಕಾ ನೀತಿ, ಮನಮೋಹನ್ ಸಿಂಗರ ಬಜೆಟ್ ಎರಡೂ ಬಂದವು. 18 ಉದ್ಯಮ ಬಿಟ್ಟು ಉಳಿದದ್ದಕ್ಕೆಲ್ಲ ಪರವಾನಗಿ ಬೇಡ ಅಂದರು. ಅಲ್ಲಿಯವರೆಗೆ ಒಂದು ಕಾರ್ಖಾನೆ ಎಷ್ಟು ಸರಕು ತಯಾರಿಸಬೇಕು ಅನ್ನುವುದನ್ನೂ ದೆಹಲಿಯೇ ಹೇಳುತ್ತಿತ್ತು. ಹೆಚ್ಚು ತಯಾರಿಸಿದರೆ ಅದು ತಪ್ಪು. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಸೈರನ್

ತುಂಗಾತೀರ ಅವರೇ, ನಿಮ್ಮ ಅಜ್ಜನ ಪ್ರಶ್ನೆ ಓದಿ ಕಣ್ಣು ತುಂಬಿ ಬಂತು. ಆದರೆ "ಎದ್ದೆವು" ಅಂದಿರಲ್ಲ, ಆ ಮಾತು ಎಲ್ಲರದ್ದೂ ಅಲ್ಲ.

ನನ್ನ ಅಪ್ಪ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್. ನಾನು ಬೆಳೆದದ್ದು ಅದರ ಕ್ವಾರ್ಟರ್ಸಿನಲ್ಲಿ. ಬೆಳಗ್ಗೆ ಮೊದಲ ಸೈರನ್‌ಗೆ ಅಮ್ಮ ಒಲೆ ಹಚ್ಚುತ್ತಿದ್ದರು. ಎರಡನೆಯದಕ್ಕೆ ಅಪ್ಪ ಸೈಕಲ್ ಹತ್ತುತ್ತಿದ್ದರು. ಕಾರ್ಖಾನೆಯದೇ ಸ್ಕೂಲು, ಕ್ಯಾಂಟೀನು, ಆಸ್ಪತ್ರೆ, ರಾಜ್ಯೋತ್ಸವದ ನಾಟಕ. ಅಪ್ಪನ ಬೆರಳು ಹಿಡಿದು ಕ್ಯಾಂಟೀನಿಗೆ ಹೋದರೆ ಸ್ಟೀಲ್ ತಟ್ಟೆಯಲ್ಲಿ ಬಿಸಿ ಬೋಂಡಾ ಸಿಗುತ್ತಿತ್ತು.

1991 ಆದ ಮೇಲೆ ಹೊಸ ನೇಮಕ ನಿಂತಿತು. ಆಮೇಲೆ ಆರ್ಡರ್ ಕಡಿಮೆಯಾಯಿತು. ಸಂಬಳ ತಡವಾಗತೊಡಗಿತು. 1998ರಲ್ಲಿ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ ಯೋಜನೆ, ಅಂತ ಕಾಗದ ಕೈಗಿತ್ತರು. ಅದರಲ್ಲಿ "ಸ್ವಯಂ" ಅಂತ ಬರೆದಿತ್ತು. ಅಪ್ಪನಿಗೆ ಆಗ 47. ಸಹಿ ಹಾಕದೇ ಇದ್ದವರ ಪಾಡು ಇನ್ನೂ ಕಷ್ಟ ಆಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಅಪ್ಪ ಸಹಿ ಹಾಕಿದರು. ಬಂದ ದುಡ್ಡಲ್ಲಿ ಅರ್ಧ ಹೆಚ್ಚು ಬಡ್ಡಿಯ ಆಸೆಗೆ ಒಂದು ಫೈನಾನ್ಸ್ ಕಂಪನಿಗೆ ಹೋಯಿತು. ಆಗ ಅವನ್ನು ಬ್ಲೇಡ್ ಕಂಪನಿ ಅನ್ನುತ್ತಿದ್ದರು. ಎರಡು ವರ್ಷದಲ್ಲಿ ಅದರ ಬಾಗಿಲಿಗೆ ಬೀಗ ಬಿತ್ತು. ಕೈ ಅಳತೆಯಲ್ಲೇ ಕೂದಲೆಳೆ ವ್ಯತ್ಯಾಸ ಹಿಡಿಯುತ್ತಿದ್ದ ಮನುಷ್ಯ ಹತ್ತು ವರ್ಷ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಿಜಿಸ್ಟರ್ ಬರೆದರು.

ಕಾರ್ಖಾನೆಗಳು ಸರಿಯಾಗಿ ನಡೆಯುತ್ತಿದ್ದವು ಅಂತ ನಾನು ಹೇಳುತ್ತಿಲ್ಲ. ಅಪ್ಪನೂ ಹೇಳುವುದಿಲ್ಲ. ಹಳೆ ಯಂತ್ರ, ಹಳೆ ಮಾದರಿ, ಕೇಳುವವರಿಲ್ಲ. ಬದಲಾವಣೆ ಬೇಕಿತ್ತು. ಆದರೆ ಬೆಲೆ ಕೊಡುವವರನ್ನು ಒಂದು ಮಾತು ಕೇಳಬೇಕಿತ್ತು ಅಲ್ವಾ?

ತುಂಗಾತೀರ

ಅಕ್ಕ, ನಿಮ್ಮ ಮಾತು ಒಪ್ಪಿದೆ. ನಾನು 2001ರಲ್ಲಿ ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಕೆಲಸ ಹಿಡಿದವನು. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳ ಸಂಸ್ಥೆ ಹುಟ್ಟಿದ್ದೇ 1991ರ ಜೂನ್‌ನಲ್ಲಿ. ಅದಕ್ಕೂ ಮುಂಚೆ ಒಂದು ಕಂಪ್ಯೂಟರ್ ತರಿಸಲು ದೆಹಲಿಗೆ ಹತ್ತಾರು ಸಲ ಅಲೆಯಬೇಕಿತ್ತು. ಆ ಬಾಗಿಲು ತೆರೆದದ್ದರಿಂದ ನನ್ನ ಮನೆ ನಿಂತಿದೆ. ಅದೇ ಊರಿನಲ್ಲಿ, ಅದೇ ಹೊತ್ತಿನಲ್ಲಿ ನಿಮ್ಮ ಅಪ್ಪನ ಬಾಗಿಲು ಮುಚ್ಚಿತು. ಎರಡನ್ನೂ ಒಟ್ಟಿಗೆ ಇಟ್ಟು ನಾನು ಯಾವತ್ತೂ ನೋಡಿರಲಿಲ್ಲ.

ಕಡಲಾಚೆ

ಎಲ್ಲರಿಗೂ ನಮಸ್ಕಾರ. ಮೂಲ ಉಡುಪಿ ಕಡೆ. 2019ರಿಂದ 2023ರವರೆಗೆ ಕೊಲಂಬೊ ಹತ್ತಿರದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತಿದ್ದೆ. ನೀವು 1991ರಲ್ಲಿ ಅಂಚಿನವರೆಗೆ ಹೋಗಿ ನಿಂತದ್ದನ್ನು ಹೇಳುತ್ತಿದ್ದೀರಿ. ನಾನು ಅಂಚಿನಿಂದ ಕೆಳಗೆ ಬಿದ್ದ ದೇಶದಲ್ಲಿ ಇದ್ದೆ.

ಸಿಂಹಳದಲ್ಲಿ ಸಾಲಿಗೆ ಪೋಲಿಮ ಅನ್ನುತ್ತಾರೆ. 2022ರಲ್ಲಿ ನಾನು ಅತಿ ಹೆಚ್ಚು ಕೇಳಿದ ಪದ ಅದು. ಪೆಟ್ರೋಲ್ ಪೋಲಿಮ, ಗ್ಯಾಸ್ ಪೋಲಿಮ, ಹಾಲಿನ ಪುಡಿಗೂ ಪೋಲಿಮ. ನಮ್ಮ ಹೊಲಿಗೆ ಲೈನಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಗಂಡ ತ್ರೀವೀಲರ್ ಓಡಿಸುತ್ತಿದ್ದ, ಅಂದರೆ ನಮ್ಮ ಆಟೋ. ಪೆಟ್ರೋಲಿಗೆ ಎರಡು ದಿನ ಸಾಲಿನಲ್ಲಿ ನಿಂತು ಒಂದು ದಿನ ಓಡಿಸುತ್ತಿದ್ದ. ರಾತ್ರಿ ಗಾಡಿಯಲ್ಲೇ ಮಲಗುತ್ತಿದ್ದ. ಇವಳು ಶಿಫ್ಟ್ ಮುಗಿಸಿ ಟಿಫಿನ್ ಡಬ್ಬಿ ಹಿಡಿದು ಸಾಲಿಗೆ ಹೋಗಿ ಅವನಿಗೆ ಅನ್ನ ಕೊಟ್ಟು ಮನೆಗೆ ಹೋಗುತ್ತಿದ್ದಳು. ಮನೆಯಲ್ಲಿ ಕರೆಂಟಿಲ್ಲ. ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕಡಿತ ಇತ್ತು. ಮಗಳ ಪರೀಕ್ಷೆಯನ್ನೂ ಮುಂದೆ ಹಾಕಿದರು, ಪ್ರಶ್ನೆಪತ್ರಿಕೆ ಮುದ್ರಿಸಲು ಕಾಗದ ಇಲ್ಲ ಅಂತ. ಕಾಗದ ತರಿಸಲೂ ಡಾಲರ್ ಬೇಕಲ್ಲ. ಸಾಲಿನಲ್ಲಿ ನಿಂತಲ್ಲೇ ಪ್ರಾಣ ಬಿಟ್ಟ ವಯಸ್ಸಾದವರೂ ಇದ್ದಾರೆ.

ಇದು ಹೇಗಾಯಿತು? ಜನ ಕೊರೋನಾ ಅಂತಾರೆ. ಅದೂ ನಿಜ. 2019ರ ಈಸ್ಟರ್ ದಿನದ ಬಾಂಬ್ ದಾಳಿಯಿಂದಲೇ ಪ್ರವಾಸಿಗರು ಕಡಿಮೆಯಾಗಿದ್ದರು, ಮೇಲೆ ಕೊರೋನಾ ಬಂತು. ಆದರೆ ಕೈಯಾರೆ ಮಾಡಿಕೊಂಡದ್ದೂ ಇದೆ. ಗೊಟಬಯ ರಾಜಪಕ್ಸ 2019ರ ಕೊನೆಗೆ ಅಧ್ಯಕ್ಷ ಚುನಾವಣೆ ಗೆದ್ದ ಕೂಡಲೇ ವ್ಯಾಟ್ ತೆರಿಗೆಯನ್ನು 15ರಿಂದ ಶೇಕಡಾ 8ಕ್ಕೆ ಇಳಿಸಿದರು. ಮೊದಲೇ ಸಾಲದಲ್ಲಿದ್ದ ಮನೆ, ಇದ್ದ ಸಂಪಾದನೆಯನ್ನೂ ಬಿಟ್ಟುಕೊಟ್ಟಿತು. 2021ರಲ್ಲಿ ಇದ್ದಕ್ಕಿದ್ದಂತೆ ರಾಸಾಯನಿಕ ಗೊಬ್ಬರದ ಆಮದು ನಿಷೇಧಿಸಿದರು. ಭತ್ತ ಬಿತ್ತು, ಚಹಾ ಬಿತ್ತು. ಚಹಾ ಅಂದರೆ ಡಾಲರ್.

ರಾಜಪಕ್ಸ ಮನೆಯ ಅಣ್ಣ ಹಿಂದೆ ಅಧ್ಯಕ್ಷರಾಗಿದ್ದವರು, ಆಗ ಪ್ರಧಾನಿ. ತಮ್ಮ ಗೊಟಬಯ ಅಧ್ಯಕ್ಷ. ಇನ್ನೊಬ್ಬ ತಮ್ಮ ಹಣಕಾಸು ಮಂತ್ರಿ. "ಇದು ತಪ್ಪು" ಅಂತ ಆ ಮೇಜಿನಲ್ಲಿ ಕೂತು ಹೇಳುವವರು ಯಾರು?

2022ರ ಏಪ್ರಿಲ್ 12ರಂದು ವಿದೇಶಿ ಸಾಲ ಕಟ್ಟಲಾಗದು ಅಂತ ಘೋಷಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ. ಅಷ್ಟರಲ್ಲಿ ಗಾಲ್ ಫೇಸ್ ಮೈದಾನದಲ್ಲಿ ಜನ ಡೇರೆ ಹಾಕಿ ಕೂತಿದ್ದರು. ಅರಗಲಯ, ಅಂದರೆ ಹೋರಾಟ. ನಾನೂ ಎರಡು ಸಂಜೆ ಹೋಗಿದ್ದೆ. ಅಲ್ಲಿ ಲೈಬ್ರರಿ ಇತ್ತು, ಅಡುಗೆಮನೆ ಇತ್ತು. ಸಿಂಹಳರು, ತಮಿಳರು, ಮುಸ್ಲಿಮರು ಒಂದೇ ಸಾಲಿನಲ್ಲಿ ಊಟಕ್ಕೆ ನಿಂತಿದ್ದರು. ಅಷ್ಟು ವರ್ಷ ಯುದ್ಧ ಕಂಡ ದೇಶ ಅದು. ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿ ಅದನ್ನು ನೋಡಿ ಅಳುತ್ತಿದ್ದರು. ಜುಲೈ 9ರಂದು ಜನ ಅಧ್ಯಕ್ಷರ ಅರಮನೆಗೆ ನುಗ್ಗಿದರು. 13ಕ್ಕೆ ಅವರು ಮಾಲ್ಡೀವ್ಸ್‌ಗೆ ಹಾರಿದರು, ಮರುದಿನ ಸಿಂಗಾಪುರದಿಂದ ಈಮೇಲ್‌ನಲ್ಲಿ ರಾಜೀನಾಮೆ ಕಳಿಸಿದರು.

ಬಯಲುಸೀಮೆ

ಗೊಬ್ಬರದ ಮಾತು ಬಂತಲ್ಲ, ನಾನು ಸುಮ್ನೆ ಇರಲಾರೆ. ಹಿರಿಯೂರು ಕಡೆ ಒಂಬತ್ತು ಎಕರೆ ಇದೆ ನಮಗೆ. ಕಾಲು ಭಾಗದಲ್ಲಿ ನಾನೂ ಸಾವಯವ ಮಾಡುತ್ತೇನೆ. ಭೂಮಿ ಅದಕ್ಕೆ ಒಗ್ಗಲು ಮೂರು ನಾಲ್ಕು ವರ್ಷ ಬೇಕು. ಕೊಟ್ಟಿಗೆ ಗೊಬ್ಬರ ಎಲ್ಲಿಂದ ಬರಬೇಕು, ಅಷ್ಟು ದನ ಯಾರ ಮನೆಯಲ್ಲಿವೆ? ಒಂದು ಬೆಳೆಯಿಂದ ಇನ್ನೊಂದು ಬೆಳೆಗೆ ಇಡೀ ದೇಶವನ್ನೇ ತಿರುಗಿಸುತ್ತೇನೆ ಅನ್ನುವವನು ಹೊಲದ ಬದು ತುಳಿದವನಲ್ಲ.

1991ರ ಬಜೆಟ್ಟಿನಲ್ಲೂ ಗೊಬ್ಬರದ ಬೆಲೆ ಶೇಕಡಾ 40 ಏರಿಸಿದ್ದರು. ಸಂಸತ್ತಿನಲ್ಲಿ ದೊಡ್ಡ ಗಲಾಟೆ ಆಯಿತು. ಕಾಂಗ್ರೆಸ್ಸಿನವರೇ ಒಪ್ಪಲಿಲ್ಲ. ಕೊನೆಗೆ 30ಕ್ಕೆ ಇಳಿಸಿದರು, ಸಣ್ಣ ರೈತರನ್ನು ಹೊರಗಿಟ್ಟರು. ಸರ್ಕಾರಕ್ಕೆ ಬಹುಮತ ಇಲ್ಲದ್ದು ನಮಗೆ ಒಳ್ಳೆಯದೇ ಆಯಿತು. ಕೇಳಲೇಬೇಕಾಯಿತು ಅವರು. ಶ್ರೀಲಂಕಾದವರು ನಿಷೇಧ ಹಿಂತೆಗೆದುಕೊಳ್ಳುವ ಹೊತ್ತಿಗೆ ಬೆಳೆ ಕೈಬಿಟ್ಟು ಹೋಗಿತ್ತು.

ಇನ್ನು ನಮ್ಮದೇ ನೆಲದ ಹಳೆಯ ಕಥೆ ಒಂದು ಹೇಳಬೇಕು. ನಮ್ಮ ಮುತ್ತಜ್ಜಿ ಅವರಜ್ಜಿಯಿಂದ ಕೇಳಿದ್ದು ಅಂತ ಹೇಳುತ್ತಿದ್ದರು. ಧಾತು ಈಶ್ವರ ಸಂವತ್ಸರದ ಬರ, ಅಂದರೆ 1876ರಿಂದ 78. ಊರ ಮುಂದಿನ ಹಗೇವುಗಳಲ್ಲಿ, ಅಂದರೆ ನೆಲದೊಳಗಿನ ಕಣಜಗಳಲ್ಲಿ, ರಾಗಿ ಇರುತ್ತಿತ್ತು. ವರ್ಷಗಟ್ಟಲೆ ಕೆಡದ ಕಾಳು. ಮೊದಲ ವರ್ಷ ಅದನ್ನು ತಿಂದರು. ಎರಡನೇ ವರ್ಷ ಹಗೇವಿನ ತಳ ಗುಡಿಸಿದರು. ಆಮೇಲೆ ಊರೇ ಎದ್ದು ಹೋಯಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. ಹತ್ತು ವರ್ಷ ಬಿಟ್ಟು ಎಣಿಸಿದಾಗ 42 ಲಕ್ಷದ ಸುತ್ತ ಇತ್ತು. ಮದ್ರಾಸಿನಿಂದ ರೈಲಿನಲ್ಲಿ ಧಾನ್ಯ ಬೆಂಗಳೂರಿಗೆ ಬಂತು. ಅಲ್ಲಿಂದ ಒಳನಾಡಿಗೆ ರೈಲಿಲ್ಲ. ಎತ್ತಿನ ಗಾಡಿ ಅಂದರೆ ಎತ್ತುಗಳೇ ಸತ್ತಿದ್ದವು.

ಆ ಬರ ಸಂಸ್ಥಾನದ ಮೇಲೆ ದೊಡ್ಡ ಸಾಲ ಹೊರಿಸಿತು. ಬೆಂಗಳೂರು–ಮೈಸೂರು ರೈಲುದಾರಿ ಆಮೇಲೆ ಬಂದದ್ದೇ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟರು, ಸಾಲದ ಸಮೇತ. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ದಸರಾ ಹೊತ್ತಿಗೆ 144 ಜನ ಮೈಸೂರಿನಲ್ಲಿ ಸೇರಿದರು. ಹೆಚ್ಚಿನವರು ಜಮೀನ್ದಾರರು, ವ್ಯಾಪಾರಿಗಳು. ಬಡವರು ಇರಲಿಲ್ಲ, ಹೆಂಗಸರು ಇರಲಿಲ್ಲ. ಆದರೂ ಖಜಾನೆಯಲ್ಲಿ ಎಷ್ಟಿದೆ, ಎಲ್ಲಿ ಖರ್ಚಾಯಿತು ಅಂತ ದಿವಾನರು ಜನರ ಮುಂದೆ ನಿಂತು ಹೇಳಬೇಕಾಯಿತು. ದೇಶದಲ್ಲಿ ಆಗ ಅದು ಬೇರೆಲ್ಲೂ ಇರಲಿಲ್ಲ.

ನೆಕ್ಕರ್ ದಂಡೆ

ಜರ್ಮನಿಯ ಸ್ಟುಟ್‌ಗಾರ್ಟಿನಿಂದ ಬರೆಯುತ್ತಿದ್ದೇನೆ. ಇಲ್ಲಿಗೆ ಬಂದು ಹನ್ನೊಂದು ವರ್ಷ. ಇಲ್ಲಿ ಶನಿವಾರ ಹಳೆ ಸಾಮಾನಿನ ಸಂತೆ ಸೇರುತ್ತದೆ. ಅಲ್ಲಿ ಒಬ್ಬ ಮುದುಕರಿಂದ ಎರಡು ಯೂರೋ ಕೊಟ್ಟು ಒಂದು ನೋಟು ತಂದೆ. ಮುಖಬೆಲೆ 1000 ಮಾರ್ಕ್. 1922ರ ಡಿಸೆಂಬರಿನಲ್ಲಿ ಅಚ್ಚಾದದ್ದು. ಅದರ ಮೇಲೆ ಅಡ್ಡಡ್ಡ ಕೆಂಪು ಶಾಯಿಯಲ್ಲಿ ಇನ್ನೊಂದು ಮುದ್ರೆ ಇದೆ: 100 ಕೋಟಿ ಮಾರ್ಕ್. ಹೊಸ ನೋಟು ಅಚ್ಚು ಹಾಕಲು ಪುರುಸೊತ್ತಿಲ್ಲದೆ ಹಳೆಯದರ ಮೇಲೆಯೇ ಮೊಹರು ಒತ್ತಿದ್ದಾರೆ. ನನ್ನ ಟೇಬಲ್ ಮೇಲೆ ಗಾಜಿನ ಕೆಳಗೆ ಇದೆ.

ಮೊದಲ ಮಹಾಯುದ್ಧಕ್ಕೆ ಮುಂಚೆ ಡಾಲರಿಗೆ 4.2 ಮಾರ್ಕ್. 1923ರ ನವೆಂಬರಿನಲ್ಲಿ 4.2 ಲಕ್ಷ ಕೋಟಿ ಮಾರ್ಕ್. ಯುದ್ಧವನ್ನು ಸಾಲದಲ್ಲಿ ನಡೆಸಿದ್ದರು. ಸೋತರು, ಪರಿಹಾರ ಕಟ್ಟಬೇಕಾಯಿತು. 1923ರ ಜನವರಿಯಲ್ಲಿ ಫ್ರಾನ್ಸ್, ಬೆಲ್ಜಿಯಂ ಸೈನ್ಯ ಜರ್ಮನಿಯ ರೂರ್ ಕೈಗಾರಿಕಾ ಪ್ರದೇಶಕ್ಕೆ ನುಗ್ಗಿತು. ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರಿಗೆಲ್ಲ ಸಂಬಳ ಕೊಡಲು ಸರ್ಕಾರ ನೋಟು ಅಚ್ಚು ಹಾಕುತ್ತಲೇ ಹೋಯಿತು.

ಆದರೆ ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ನೋಟಿನ ಮೌಲ್ಯ ಬಿದ್ದದ್ದರಿಂದ ಹಿಟ್ಲರ್ ಬಂದ ಅಂತ ನಾವು ಶಾಲೆಯಿಂದ ಕೇಳಿಕೊಂಡು ಬಂದಿದ್ದೇವೆ. ವರ್ಷಗಳನ್ನು ಜೋಡಿಸಿ ನೋಡಿ. 1923ರ ನವೆಂಬರಿನಲ್ಲೇ ರೆಂಟನ್‌ಮಾರ್ಕ್ ಅನ್ನುವ ಹೊಸ ಹಣ ಬಂದು ಬೆಲೆ ನಿಂತಿತು. ಮ್ಯೂನಿಕ್‌ನಲ್ಲಿ ಹಿಟ್ಲರ್ ದಂಗೆ ಎಬ್ಬಿಸಿದ್ದೂ ಅದೇ ತಿಂಗಳು, ಸೋತು ಜೈಲಿಗೆ ಹೋದ. 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು ಶೇಕಡಾ 2.6 ಮತ. ಆಮೇಲೆ 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು, ಅಲ್ಲಿಂದ ಬಂದಿದ್ದ ಸಾಲ ವಾಪಸ್ ಹೋಯಿತು. ಚಾನ್ಸಲರ್ ಬ್ರೂನಿಂಗ್ ಸಂಬಳ ಕಡಿತ ಮಾಡಿದರು, ನಿರುದ್ಯೋಗ ಭತ್ಯೆ ಕಡಿತ ಮಾಡಿದರು, ತೆರಿಗೆ ಏರಿಸಿದರು. ಸಂಸತ್ತು ಒಪ್ಪದಿದ್ದಾಗ ಅಧ್ಯಕ್ಷರ ತುರ್ತು ಆಜ್ಞೆಯಿಂದ ಜಾರಿ ಮಾಡಿದರು. 1932ರ ಹೊತ್ತಿಗೆ 60 ಲಕ್ಷ ಜನಕ್ಕೆ ಕೆಲಸ ಇರಲಿಲ್ಲ. ಆ ವರ್ಷದ ಜುಲೈನಲ್ಲಿ ನಾಜಿಗಳಿಗೆ ಶೇಕಡಾ 37 ಮತ ಬಿತ್ತು.

ಅಂದರೆ ಕೊನೆಯ ಏಟು ಕೊಟ್ಟದ್ದು ಬೆಲೆ ಏರಿಕೆ ಅಲ್ಲ, ಕೆಲಸ ಹೋದದ್ದು. ಮೊದಲನೆಯದು ಮಧ್ಯಮ ವರ್ಗದ ಉಳಿತಾಯ ತಿಂದಿತ್ತು, ನಂಬಿಕೆ ಆಗಲೇ ಸತ್ತಿತ್ತು, ಅದೂ ನಿಜ. ಆದರೆ ಎರಡನೆಯ ಸಲ ಜನರ ಅಳಲು ಹೇಳಿಕೊಳ್ಳಲು ಸಂಸತ್ತು ಹೆಸರಿಗಷ್ಟೇ ಉಳಿದಿತ್ತು. ಬೀದಿ ಉಳಿದಿತ್ತು. ಬೀದಿಯಲ್ಲಿ ಕಂದು ಅಂಗಿಯವರು, ಅಂದರೆ ಹಿಟ್ಲರನ ಪಡೆಯವರು, ಕಾಯುತ್ತಿದ್ದರು.

ಸೈರನ್

ಕಂದು ಅಂಗಿಯವರು ಕಾಯುತ್ತಿದ್ದರು ಅನ್ನುವುದನ್ನು ಎರಡು ಸಲ ಓದಿದೆ. ನಮ್ಮ ಕ್ವಾರ್ಟರ್ಸಿನ ಹುಡುಗರು ನೆನಪಾದರು. ಅಪ್ಪಂದಿರ ಕೆಲಸ ಹೋದ ಮೇಲೆ ಕೆಲವರು ಓದಿ ದಡ ಸೇರಿದರು. ಕೆಲವರು ಯಾರದ್ದೋ ಬಾವುಟ ಹಿಡಿದು ಬೈಕ್ ಹಿಂದೆ ಕೂತು ಹೋದರು. ಅವರಲ್ಲಿ ಇಬ್ಬರು ನನ್ನ ಜೊತೆ ಅದೇ ಶಾಲೆಯಲ್ಲಿ ಬೆಂಚು ಹಂಚಿಕೊಂಡವರು.

ಹಳೇ ಮೇಷ್ಟ್ರು

ಬಯಲುಸೀಮೆಯವರು ಹೇಳಿದ ಗೊಬ್ಬರದ ಕಥೆ, ನೆಕ್ಕರ್ ದಂಡೆಯವರು ಹೇಳಿದ ತುರ್ತು ಆಜ್ಞೆ, ಎರಡನ್ನೂ ಅಕ್ಕಪಕ್ಕ ಇಟ್ಟು ಇಡೀ ರಾತ್ರಿ ಯೋಚಿಸಿದೆ. ತರಗತಿಯಲ್ಲಿ ನಾನು ಯಾವಾಗಲೂ ಅಂಕಿಗಳನ್ನೇ ಹೇಳುತ್ತಿದ್ದೆ. ಕೊರತೆ ಎಷ್ಟು, ಸಾಲ ಎಷ್ಟು. ಎಲ್ಲಿ ಕೂತು ತೀರ್ಮಾನ ಮಾಡಿದರು, ಅಲ್ಲಿ "ಬೇಡ" ಅನ್ನುವವರು ಇದ್ದರಾ ಅನ್ನುವುದನ್ನು ಹೇಳಲಿಲ್ಲ. ತಪ್ಪಾಯಿತು.

1991ರಲ್ಲಿ ರೈತನಿಗೆ ಸಂಸತ್ತಿನಲ್ಲಿ ದನಿ ಇತ್ತು, ಹತ್ತು ಪರ್ಸೆಂಟ್ ವಾಪಸ್ ಪಡೆದ. ಬೀದಿಯಲ್ಲೂ ಇತ್ತು. ರೈತ ಸಂಘದವರು 1992ರ ಕೊನೆಗೆ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ್ದನ್ನು ಒಪ್ಪುತ್ತೀರೋ ಬಿಡುತ್ತೀರೋ, ದೆಹಲಿಗೆ ಅದು ಕೇಳಿಸಿತು. ಸೈರನ್ ಅವರ ತಂದೆಯವರ ಪರ ಮಾತಾಡಬೇಕಾದ ಯೂನಿಯನ್ನುಗಳು ಅಷ್ಟರಲ್ಲಿ ಸೊರಗಿದ್ದವು. ಆರ್ಜೆಂಟೀನಾದಲ್ಲಿ 2001ರ ಡಿಸೆಂಬರಿನಲ್ಲಿ ಜನರ ಠೇವಣಿಗೇ ಬೀಗ ಹಾಕಿದಾಗ ಹೆಂಗಸರು ಪಾತ್ರೆ ಬಡಿಯುತ್ತಾ ಬೀದಿಗೆ ಬಂದರು. ಎರಡು ವಾರದೊಳಗೆ ಐದು ಜನ ಅಧ್ಯಕ್ಷರ ಕುರ್ಚಿಯಲ್ಲಿ ಕೂತೆದ್ದರು.

ತುಂಗಾತೀರ ಅವರೇ, ನಿಮ್ಮ ಅಜ್ಜನಿಗೆ ಉತ್ತರ ನಾನು ಹೇಳುತ್ತೇನೆ. ಬಿಡಿಸಿಕೊಂಡರು. ಅದೇ ವರ್ಷ ಸಾಲ ತೀರಿತು. ಚಿನ್ನ ಮಾತ್ರ ಲಂಡನ್ನಿನಲ್ಲೇ ಉಳಿಯಿತು. 2009ರಲ್ಲಿ ರಿಸರ್ವ್ ಬ್ಯಾಂಕ್, ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಐಎಂಎಫ್‌ನಿಂದಲೇ 200 ಟನ್ ಚಿನ್ನ ಕೊಂಡಿತು. 2024ರಲ್ಲಿ ಸುಮಾರು 100 ಟನ್ ಚಿನ್ನವನ್ನು ಬ್ರಿಟನ್‌ನಿಂದ ಊರಿಗೆ ತಂದರು.

ತುಂಗಾತೀರ

ಥ್ಯಾಂಕ್ಸ್ ಮೇಷ್ಟ್ರೇ. ಅಜ್ಜ 1994ರಲ್ಲಿ ಹೋದರು. ಮೊನ್ನೆ ಊರಿಗೆ ಹೋದಾಗ ಅದೇ ಜಗಲಿಯಲ್ಲಿ ಕೂತು ಅಮ್ಮನಿಗೆ ಇದನ್ನು ಓದಿ ಹೇಳಿದೆ. ಸರಿಯಾದ ಜನ ಕುರ್ಚಿಯಲ್ಲಿದ್ದರು ಅಂತ ಮೊದಲ ಪೋಸ್ಟಿನಲ್ಲಿ ಬರೆದಿದ್ದೆ. ಆ ಮಾತು ಅಳಿಸುವುದಿಲ್ಲ. ಅವರನ್ನು ತಡೆದು ನಿಲ್ಲಿಸಿ ಲೆಕ್ಕ ಕೇಳಿದವರೂ ಎದುರಿಗಿದ್ದರು ಅಂತ ಸೇರಿಸುತ್ತೇನೆ.

ಸೈರನ್

ನಿನ್ನೆ ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಇಷ್ಟನ್ನೂ ಓದಿ ಹೇಳಿದೆ. ಅವರಿಗೀಗ 70 ದಾಟಿದೆ. ತಮ್ಮ ಭಾಗ ಬಂದಾಗ ಏನೂ ಹೇಳಲಿಲ್ಲ. ಜರ್ಮನಿಯ ನೋಟಿನ ಚಿತ್ರ ಇದ್ದರೆ ಹಾಕಲು ಹೇಳು ಅಂದರು, ಅಚ್ಚು ಹೇಗಿದೆ ನೋಡಬೇಕಂತೆ. ಆಮೇಲೆ ಕೈ ತೊಳೆಯಲು ಎದ್ದವರು ಅಲ್ಲೇ ನಿಂತು ಕೇಳಿದರು: "ಟಿಫಿನ್ ಡಬ್ಬಿ ಹಿಡಿದು ಹೋಗುತ್ತಿದ್ದಳಲ್ಲ, ಆ ಹುಡುಗಿಯ ಕೆಲಸ ಉಳೀತಂತಾ?"

ಕಡಲಾಚೆ ಅವರೇ, ಅಪ್ಪ ಉತ್ತರಕ್ಕೆ ಕಾಯುತ್ತಿದ್ದಾರೆ.

ಕಡಲಾಚೆ

ಇಲ್ಲ ಅಕ್ಕ, ಉಳಿಯಲಿಲ್ಲ. 2023ರಲ್ಲಿ ಆರ್ಡರ್ ಕಡಿಮೆಯಾಗಿ ಅವಳಿದ್ದ ಲೈನು ಮುಚ್ಚಿದರು. 2022ರಲ್ಲಿ ಒಂದೇ ವರ್ಷ 3 ಲಕ್ಷಕ್ಕೂ ಹೆಚ್ಚು ಜನ ದುಡಿಯಲು ದೇಶ ಬಿಟ್ಟಿದ್ದರು. ಅವಳೂ ಅವರ ಹಿಂದೆಯೇ ಹೋದಳು. ಈಗ ಜೋರ್ಡಾನಿನಲ್ಲಿ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಇದ್ದಾಳೆ. ಗಂಡ ತ್ರೀವೀಲರ್ ಓಡಿಸುತ್ತಿದ್ದಾನೆ, ಪೆಟ್ರೋಲ್ ಸಿಗುತ್ತಿದೆ. ಮಗಳು ಅಜ್ಜಿ ಮನೆಯಲ್ಲಿ ಓದುತ್ತಿದ್ದಾಳೆ. ಅವತ್ತು ಮುಂದೆ ಹೋದ ಪರೀಕ್ಷೆ ಆಮೇಲೆ ನಡೆಯಿತು, ಪಾಸಾದಳು. ಅಪ್ಪನಿಗೆ ಹೇಳಿ.